ಮಡಿಕೇರಿಯ ರ‍್ಯಾಕ್‌ಗೆ ಯಾವ ಕೇಬಲ್? ಅನುಭವ ಇದ್ದವರು ಹೇಳಿ

ಕೇಳಿದ್ದು (ಮಡಿಕೇರಿ): ಒಂದೇ ರ‍್ಯಾಕ್‌ನಲ್ಲಿ ನಾಲ್ಕು ಸರ್ವರ್, ಪ್ರತಿಯೊಂದರಲ್ಲೂ ಎರಡು ಪೋರ್ಟಿನ 25ಜಿ (ಸೆಕೆಂಡಿಗೆ 25 ಗಿಗಾಬಿಟ್) ಎಸ್‌ಎಫ್‌ಪಿ28 (ಆ ವೇಗದ ಕೇಬಲ್ ಅಥವಾ ಮಾಡ್ಯೂಲ್ ಸಿಕ್ಕಿಸುವ ಪೋರ್ಟ್) ನೆಟ್‌ವರ್ಕ್ ಕಾರ್ಡ್. ಸ್ವಿಚ್ ಮೇಲ್ಗಡೆ ಇದೆ. ತೋಟದಾಚೆ ಕಾಫಿ ಗೋದಾಮಿನ ಕಚೇರಿ 180 ಮೀಟರ್, ಅಲ್ಲಿಗೆ 10ಜಿ ಸಾಕು. ಏನು ತರಿಸಲಿ?

ಕುಶಾಲನಗರದಿಂದ: ರ‍್ಯಾಕ್ ಒಳಗೆ ಪ್ಯಾಸಿವ್ ಡಿಎಸಿ (ಎರಡೂ ತುದಿಗೆ ಪ್ಲಗ್ ಸೇರಿಯೇ ಬರುವ ತಾಮ್ರದ ಕೇಬಲ್), ಎಂಟು. ಬೇರೆ ಮಾಡ್ಯೂಲ್ ಬೇಡ, ಬಿಸಿಯೂ ಇಲ್ಲ. ಕೇಬಲ್ ಮ್ಯಾನೇಜರ್ ಸುತ್ತಿ ಬರುವ ದಾರಿಯನ್ನು ದಾರ ಹಿಡಿದು ಅಳೆಯಿರಿ. ಮೇಲಿನವಕ್ಕೆ 1 ಮೀಟರ್, ಕೆಳಗಿನವಕ್ಕೆ 2 ಸಾಕಾಗಬಹುದು. 3 ಮೀಟರ್ ದಾಟಬೇಡಿ. 5 ಮೀಟರಿನದು ಆರ್‌ಎಸ್-ಫೆಕ್ (ದಾರಿಯಲ್ಲಿ ಕೆಟ್ಟ ಬಿಟ್‌ಗಳನ್ನು ತಿದ್ದುವ ಫೆಕ್ ವಿಧಾನಗಳಲ್ಲಿ ಒಂದು) ಇಲ್ಲದೆ ನಡೆಯದು. ಹೆಚ್ಚಿನವರು ಎಡವುವುದು ಈ ಫೆಕ್‌ನಲ್ಲೇ: ಸ್ವಿಚ್‌ನಲ್ಲಿ ಒಂದು, ಕಾರ್ಡ್‌ನಲ್ಲಿ ಇನ್ನೊಂದು ಇದ್ದರೆ ಲಿಂಕ್ ಬರುವುದೇ ಇಲ್ಲ, ಒಳ್ಳೆಯ ಕೇಬಲನ್ನು ವಾಪಸ್ ಕಳಿಸುತ್ತಾರೆ. ಮೊದಲು ಎರಡೂ ಕಡೆ ಒಂದೇ ಮಾಡಿ ನೋಡಿ. ಎಸ್‌ಎಫ್‌ಪಿ+ ಎಂದು ಮಾರುವ ಅಗ್ಗದ ಡಿಎಸಿ 10ಜಿಗಷ್ಟೇ. ಕೆಲವು ಸ್ವಿಚ್‌ಗಳು ಬೇರೆ ಕಂಪನಿಯ ಕೋಡಿಂಗ್ (ಕೇಬಲ್ ತುದಿಯ ಚಿಪ್‌ನಲ್ಲಿ ಬರೆದ ಕಂಪನಿ ಗುರುತು) ಒಪ್ಪುವುದಿಲ್ಲ. ಸ್ವಿಚ್, ಕಾರ್ಡ್ ಎರಡರ ಮಾಡೆಲ್ಲನ್ನೂ ಅಂಗಡಿಗೆ ಕೊಟ್ಟು, ಎರಡು ತುದಿಗೂ ತಕ್ಕ ಕೋಡಿಂಗ್ ಕೇಳಿ.

ಸೋಮವಾರಪೇಟೆಯಿಂದ: ಎಒಸಿ (ಎರಡೂ ತುದಿಗೆ ಮಾಡ್ಯೂಲ್ ಸೇರಿಯೇ ಬರುವ ಫೈಬರ್ ಕೇಬಲ್) ತೆಳ್ಳಗಿರುತ್ತದೆ, ಹಿಂಬದಿ ಗಾಳಿಗೆ ಅಡ್ಡ ಬರುವುದಿಲ್ಲ. ಅದನ್ನೇ ಹಾಕಬಹುದಲ್ಲ?

ಕುಶಾಲನಗರದಿಂದ: ಎಂಟೇ ಕೇಬಲ್ಲಿಗೆ ಆ ದುಡ್ಡು ಬೇಡ ಸಾರ್. ಒಂದು ತುದಿ ಕೆಟ್ಟರೂ ಇಡೀ ಕೇಬಲ್ ಎಸೆಯಬೇಕು.

ವಿರಾಜಪೇಟೆಯಿಂದ: ಗೋದಾಮಿಗೆ ತಾಮ್ರ ಖಂಡಿತ ಬೇಡ. ಕ್ಯಾಟ್6ಎ 100 ಮೀಟರಿಗೇ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ಭಯ ಏಪ್ರಿಲ್-ಮೇ ಸಿಡಿಲು: ಎರಡು ಕಟ್ಟಡಗಳ ಅರ್ಥಿಂಗ್ ಬೇರೆ, ಸರ್ಜ್ ತಾಮ್ರದ ಮೂಲಕ ನೇರ ಸ್ವಿಚ್‌ಗೆ ಬರುತ್ತದೆ. ಲೋಹದ ಎಳೆಯೇ ಇಲ್ಲದ ಸಿಂಗಲ್-ಮೋಡ್ (ಹೆಚ್ಚು ದೂರ ಹೋಗುವ ಬಗೆಯ) ಫೈಬರ್, ಆರು ಕೋರ್ (ಗಾಜಿನ ಎಳೆ), ಎರಡೂ ಕಡೆ 10ಜಿ ಎಲ್‌ಆರ್ (ಈ ಫೈಬರಿನ) ಮಾಡ್ಯೂಲ್. ಬೇಕಾಗಿರುವುದು ಎರಡೇ ಕೋರ್, ಉಳಿದವು ಮುಂದಕ್ಕೆ. ಓಎಂ3 ಮಲ್ಟಿಮೋಡ್‌ನಲ್ಲಿ (ಕಡಿಮೆ ದೂರದ ಫೈಬರ್) 10ಜಿ 300 ಮೀಟರ್ ಹೋಗುತ್ತದೆ ನಿಜ, ಆದರೆ 25ಜಿ ಎಸ್‌ಆರ್ (ಆ ಫೈಬರಿನ ಮಾಡ್ಯೂಲ್) 70 ಮೀಟರಿಗೇ ಮುಗಿಯುತ್ತದೆ. ಮಳೆಗಾಲದಲ್ಲಿ ಕೊಂಬೆ ಬೀಳುವ ಕಡೆ ಕಂಬದ ಮೇಲೆ ಎಳೆಯಬೇಡಿ, ಎಚ್‌ಡಿಪಿಇ ಪೈಪಿನಲ್ಲಿ ನೆಲದಡಿ ಹಾಕಿ.

ಗೋಣಿಕೊಪ್ಪದಿಂದ: ಎಲ್‌ಸಿ (ಫೈಬರ್ ಕನೆಕ್ಟರ್) ತುದಿಗಳನ್ನು ಕ್ಲೀನರ್ ಪೆನ್‌ನಿಂದ ಒರೆಸಿಯೇ ಸಿಕ್ಕಿಸಿ, ಖಾಲಿ ಪೋರ್ಟಿಗೆ ಮುಚ್ಚಳ ಇರಲಿ. ಆಮೇಲೆ ಸ್ವಿಚ್‌ನಲ್ಲಿ ಆರ್‌ಎಕ್ಸ್ ಪವರ್ (ಬಂದು ಸೇರುವ ಬೆಳಕಿನ ಬಲ, ಡಿಬಿಎಂ ಲೆಕ್ಕದಲ್ಲಿ) ನೋಡಿ. 180 ಮೀಟರ್ ಫೈಬರ್ ತಾನಾಗಿ ನುಂಗುವುದು 0.1 ಡಿಬಿಯಷ್ಟೇ. ಆಚೆಯಿಂದ -3 ಡಿಬಿಎಂ ಹೊರಟು ಈಚೆಗೆ -9 ಬಂದರೆ ತುದಿ ಕೊಳೆಯಾಗಿದೆ, ಸ್ಪ್ಲೈಸ್ (ಫೈಬರ್ ಬೆಸೆದ ಜಾಗ) ಕೆಟ್ಟಿದೆ ಅಥವಾ ಎಲ್ಲೋ ಬಿಗಿಯಾಗಿ ಮಡಚಿದೆ. ಲಿಂಕ್ ಬಂತೆಂದು ಹಾಗೇ ಬಿಡಬೇಡಿ, ಸ್ಪ್ಲೈಸ್ ಮಾಡುವವರು ಹೊರಡುವ ಮೊದಲೇ ಸರಿಮಾಡಿಸಿ.