ಪದಚರ್ಚೆ: ‘ನೋ-ಬೇಕ್ ಕುಕ್ಕಿ’ಗೆ ಬ್ಯಾನರಿನಲ್ಲಿ ಏನು ಬರೆಯೋಣ?

ವಿರಾಜಪೇಟೆಯಿಂದ, ಗುರುವಾರ ಸಂಜೆ 6.40

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ನಾಳೆ ಬೆಳಿಗ್ಗೆ ಹತ್ತರೊಳಗೆ ಬೇಕು. ಹತ್ತಕ್ಕೆ ಬ್ಯಾನರ್ ಪ್ರಿಂಟಿಗೆ ಹೋಗುತ್ತದೆ.

ಕ್ರಿಸ್‌ಮಸ್ ರಜೆಗೆ ನಮ್ಮ ಬೀದಿಯ ಮಕ್ಕಳನ್ನೆಲ್ಲ ಸೇರಿಸಿ ಬಿಸ್ಕತ್ತು ಮಾಡಿಸಿ, ಅದರ ಮೇಲೆ ಅವರ ಕೈಯಲ್ಲೇ ಬಣ್ಣ, ಚಿತ್ರ ಹಾಕಿಸುತ್ತೇವೆ. ಐದರಿಂದ ಹತ್ತು ವರ್ಷದ ಮಕ್ಕಳು. ಓವನ್ ಇಲ್ಲ, ಅದಕ್ಕೇ ‘ನೋ-ಬೇಕ್ ಕುಕ್ಕಿ’. ಹೋದ ವರ್ಷ ಚೀಟಿಯಲ್ಲಿ ‘ಬೇಯಿಸದ ಬಿಸ್ಕತ್ತು’ ಎಂದು ಬರೆದಿದ್ದೆ. ಒಬ್ಬ ತಾಯಿ ಫೋನ್ ಮಾಡಿ, ಮಕ್ಕಳಿಗೆ ಹಸಿ ಹಿಟ್ಟು ತಿನ್ನಿಸ್ತೀರಾ ಎಂದು ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಹಸಿ ಮೈದಾ ತಿನ್ನಬಾರದು, ಹೊಟ್ಟೆ ಕೆಡುತ್ತದೆ. ಆದರೆ ನಾವು ಮೈದಾ ಮುಟ್ಟುವುದೇ ಇಲ್ಲ.

ಮಾಡುವುದು ಎರಡು ಬಗೆ. ಒಂದು, ಮೇರಿ ಬಿಸ್ಕತ್ತು ಪುಡಿ ಮಾಡಿ, ಕಂಡೆನ್ಸ್‌ಡ್ ಹಾಲು, ಕೋಕೋ ಹಾಕಿ ಕಲಸಿ, ಉಂಡೆ ಕಟ್ಟಿ, ಅಂಗೈಯಲ್ಲಿ ತಟ್ಟುವುದು. ಇನ್ನೊಂದು ಅಮೆರಿಕದವರದ್ದು: ಎರಡು ಕಪ್ ಸಕ್ಕರೆ, ಅರ್ಧರ್ಧ ಕಪ್ ಹಾಲು, ಬೆಣ್ಣೆ, ಕಾಲು ಕಪ್ ಕೋಕೋ, ಇಷ್ಟನ್ನು ಒಂದು ನಿಮಿಷ ಚೆನ್ನಾಗಿ ಕುದಿಸಿ, ಇಳಿಸಿ, ಮೂರು ಕಪ್ ಓಟ್ಸ್, ಅರ್ಧ ಕಪ್ ಕಡಲೆಕಾಯಿ ಬೆಣ್ಣೆ ಸೇರಿಸಿ ಚಮಚದಲ್ಲಿ ಕಾಗದದ ಮೇಲೆ ಹಾಕುವುದು. ಆರಿದರೆ ತಾನೇ ಗಟ್ಟಿಯಾಗುತ್ತದೆ. ಹಾಗಾಗಿ ‘ಒಲೆ ಬೇಡದ ಬಿಸ್ಕತ್ತು’ ಎಂದೂ ಬರೆಯುವಂತಿಲ್ಲ. ಒಲೆ ಬೇಕು, ಓವನ್ ಬೇಡ.

ಐಸಿಂಗ್, ಅದರ ಮೇಲೆ ಚೆಲ್ಲುವ ಬಣ್ಣದ ಸಕ್ಕರೆ ಕಾಳು ಸ್ಪ್ರಿಂಕಲ್ಸ್, ಇವಕ್ಕೂ ಪದ ಹೇಳಿ. ಮೊದಲು ಬ್ಯಾನರಿನ ಪದ.

ಮಡಿಕೇರಿಯಿಂದ, ಗುರುವಾರ ರಾತ್ರಿ 7.15

‘ಬೇಯಿಸದ ಬಿಸ್ಕತ್ತು’ ತಪ್ಪು. ಬಿಸ್ಕತ್ತು ಎಂಬುದರ ಬೇರು ಲ್ಯಾಟಿನ್. ಬಿಸ್ ಎಂದರೆ ಎರಡು ಸಲ, ಕೋಕ್ಟುಸ್ ಎಂದರೆ ಬೇಯಿಸಿದ್ದು. ಎರಡು ಸಲ ಬೇಯಿಸಿದ್ದನ್ನು ಬೇಯಿಸದ್ದು ಎಂದರೆ ಮಾತು ತನ್ನನ್ನೇ ಹೊಡೆಯುತ್ತದೆ.

ಕನ್ನಡದಲ್ಲಿ ಇದಕ್ಕೆ ಪದ ಆಗಲೇ ಇದೆ: ತಂಬಿಟ್ಟು. ನಾನು ಅದನ್ನು ತಣ್ + ಪಿಟ್ಟು ಎಂದು ಬಿಡಿಸುತ್ತೇನೆ, ತಂಗಾಳಿಯ ‘ತಣ್’ ಹಾಗೆ. ಪಿಟ್ಟು ಎಂಬುದೇ ಇವತ್ತಿನ ಹಿಟ್ಟು. ಹಳೆಗನ್ನಡದ ಪ ಹೊಸಗನ್ನಡದಲ್ಲಿ ಹ ಆಯಿತು, ಆದರೆ ತಂಬಿಟ್ಟಿನ ಒಳಗೆ ಅವಿತುಕೊಂಡದ್ದು ಬ ಆಗಿ ಉಳಿಯಿತು. ಕೊಡವ ತಕ್ಕಿನ, ಅಂದರೆ ಕೊಡವ ಭಾಷೆಯ, ಪುಟ್ಟ್ ಕೂಡ ಅದೇ ಬೇರಿನದು. ಕಡಂಬುಟ್ಟು, ನೂಪುಟ್ಟು, ಪಾಪುಟ್ಟು ಎಂಬ ಅಕ್ಕಿ ತಿಂಡಿಗಳನ್ನು ದಿನಾ ತಿನ್ನುವವರು ಲ್ಯಾಟಿನ್ ಪದಕ್ಕೆ ಕೈ ಚಾಚುವುದು ಯಾಕೆ? ‘ಚಾಕೊಲೇಟ್ ತಂಬಿಟ್ಟು’ ಎಂದು ಬರೆಯಿರಿ. ಮುಗಿಯಿತು.

ಗೋಣಿಕೊಪ್ಪದಿಂದ, ಗುರುವಾರ ರಾತ್ರಿ 7.50

ಮುಗಿಯಲಿಲ್ಲ. ನಮ್ಮಲ್ಲಿ ತಂಬುಟ್ಟು ಎಂದರೆ ಪುತ್ತರಿಯ, ನಮ್ಮ ಸುಗ್ಗಿ ಹಬ್ಬದ, ತಿಂಡಿ. ಅಕ್ಕಿಯನ್ನು ಮೆಂತ್ಯ, ಏಲಕ್ಕಿ ಜೊತೆ ಹುರಿದು ಪುಡಿ ಮಾಡಿ, ಚೆನ್ನಾಗಿ ಹಣ್ಣಾದ ಬಾಳೆಹಣ್ಣು ಕಿವುಚಿ ಕಲಸಿ, ಮೇಲೆ ತುಪ್ಪ, ಎಳ್ಳು, ತೆಂಗಿನ ತುರಿ ಹಾಕಿ ಬಡಿಸುತ್ತೇವೆ. ಹುರಿದ ಹಿಟ್ಟು ಅದು, ತಣ್ಣನೆಯ ಹಿಟ್ಟಲ್ಲ. ಕದಿರು ತಂದ ರಾತ್ರಿ ತಿನ್ನುವುದು. ಕೋಕೋ ಉಂಡೆಗೆ ಆ ಹೆಸರು ಕೊಟ್ಟರೆ ನಮ್ಮ ಮಕ್ಕಳು ನಾಳೆ ತಂಬುಟ್ಟು ಅಂದರೆ ಚಾಕೊಲೇಟ್ ಅಂದುಕೊಳ್ಳುತ್ತಾರೆ. ಬೇಡ. ಪುತ್ತರಿ ಮುಗಿದ ಬೆನ್ನಿಗೇ ಕ್ರಿಸ್‌ಮಸ್ ಬರುವುದು, ಗೊಂದಲ ಇನ್ನೂ ಜಾಸ್ತಿ.

ಪುಟ್ಟ್, ಹಿಟ್ಟು ಒಂದೇ ಬೇರು ಅಂದಿರಲ್ಲ, ಅದು ಸರಿ.

ಸೋಮವಾರಪೇಟೆಯಿಂದ, ಗುರುವಾರ ರಾತ್ರಿ 8.30

ಬೇಕ್ ಮಾಡುವುದಕ್ಕೆ ಕನ್ನಡದ ಮಾತು ‘ಸುಡು’. ನಮ್ಮ ಮನೆಯಲ್ಲಿ ರೊಟ್ಟಿ ಸುಡುತ್ತೇವೆ, ಗೆಣಸು ಸುಡುತ್ತೇವೆ, ಹಲಸಿನ ಬೀಜ ಕೆಂಡದಲ್ಲಿ ಸುಡುತ್ತೇವೆ. ಬೇಯಿಸುವುದಕ್ಕೆ ನೀರು ಬೇಕು, ಕರಿಯುವುದಕ್ಕೆ ಎಣ್ಣೆ ಬೇಕು, ಬರೀ ಕಾವಿನಲ್ಲಿ ಆಗುವುದು ಸುಡುವುದು. ಇಷ್ಟು ಚೆನ್ನಾಗಿ ಬೇರೆ ಬೇರೆ ಮಾಡಿಟ್ಟ ಭಾಷೆಯಲ್ಲಿ ಪದ ಇಲ್ಲ ಎಂದು ಅಳುವುದನ್ನು ನೋಡಿದರೆ ಬೇಜಾರಾಗುತ್ತದೆ. ‘ಸುಡದ ಬಿಸ್ಕತ್ತು’ ಎಂದು ಹಾಕಿ.

ಇನ್ನೊಂದು. ಬೇಕ್ ಎಂಬ ಇಂಗ್ಲಿಷ್ ಪದವೇ ನಮ್ಮ ‘ಬೇಯು’, ‘ಬೇಗೆ’ಯ ಕಡೆಯಿಂದ ಹೋದದ್ದು ಎಂದು ನಾನು ಬಹಳ ದಿನದಿಂದ ಹೇಳುತ್ತಾ ಬಂದಿದ್ದೇನೆ.

ಮಡಿಕೇರಿಯಿಂದ, ಗುರುವಾರ ರಾತ್ರಿ 8.42

ಹೋಗಿಲ್ಲ. ಡಚ್ಚರಲ್ಲಿ ಬಾಕ್ಕನ್, ಜರ್ಮನ್ನರಲ್ಲಿ ಬಾಕನ್, ಇಂಗ್ಲಿಷಿನ ಬೇಕ್ ಅದೇ ಮನೆಯದು. ನಮ್ಮ ಬೇ ಹಿಂದೆ ವೇ ಆಗಿತ್ತು, ತಮಿಳಿನಲ್ಲಿ ಈಗಲೂ ವೇ. ವೇರ್ ಬೇರು ಆಯಿತು, ವಿಲ್ ಬಿಲ್ಲು ಆಯಿತು, ಹಾಗೇ ವೇ ಬೇ ಆಯಿತು. ಇವತ್ತು ಒಂದೇ ಥರ ಕೇಳಿಸುತ್ತದೆ ಅಷ್ಟೇ. ಕಿವಿಗೆ ಕೇಳಿಸಿದ್ದೆಲ್ಲ ನೆಂಟಸ್ತನ ಅಲ್ಲ.

ಆದರೆ ‘ಸುಡು’ ಸರಿಯಾದ ಪದ, ಒಪ್ಪುತ್ತೇನೆ.

ವಿರಾಜಪೇಟೆಯಿಂದ, ಗುರುವಾರ ರಾತ್ರಿ 9.05

‘ಸುಡದ ಬಿಸ್ಕತ್ತು’ ಎಂದು ಮನೆಯಲ್ಲಿ ಜೋರಾಗಿ ಓದಿದೆ. ಮಗಳು ಕೇಳಿದಳು: ಅಂದ್ರೆ ಬಾಯಿ ಸುಡಲ್ವಾ? ಏಳು ವರ್ಷದವಳಿಗೆ ಹಾಗೆ ಅನ್ನಿಸಿದರೆ ಬ್ಯಾನರಿಗೆ ಆಗುವುದಿಲ್ಲ. ಅಡುಗೆ ಪುಸ್ತಕದಲ್ಲಾದರೆ ಆಗಬಹುದು.

ಮತ್ತೆ, ನಮ್ಮೂರಲ್ಲಿ ಕ್ರಿಸ್‌ಮಸ್ ನಿನ್ನೆ ಮೊನ್ನೆ ಬಂದದ್ದಲ್ಲ. ಇಲ್ಲಿನ ಸಂತ ಅನ್ನಮ್ಮ ಚರ್ಚು 1792ರದು. ಹಬ್ಬದ ತಿಂಡಿ ತಟ್ಟೆಗೆ ಕೊಂಕಣಿ ಮಾತಿನ ಮನೆಗಳಲ್ಲಿ ಕುಸ್ವಾರ್ ಅನ್ನುತ್ತಾರೆ. ಅದರಲ್ಲಿ ಬರುವ ರೋಸ್ ಕುಕ್ಕಿಯನ್ನು ಎಣ್ಣೆಯಲ್ಲಿ ಕರಿಯುತ್ತಾರೆ. ಅದೂ ಓವನ್‌ಗೆ ಹೋಗುವುದಿಲ್ಲ. ‘ಸುಡದ’ ಅಂದರೆ ಅದೂ ಸೇರಿಕೊಳ್ಳುತ್ತದೆ. ಇಲ್ಲದ್ದನ್ನು ಹೇಳಿ ಹೆಸರಿಟ್ಟರೆ ಹೀಗೇ ಆಗುವುದು, ಅಲ್ವಾ?

ಕುಶಾಲನಗರದಿಂದ, ಗುರುವಾರ ರಾತ್ರಿ 9.30

‘ನೋ-ಬೇಕ್ ಕುಕ್ಕಿ’ ಎಂದೇ ಕನ್ನಡ ಅಕ್ಷರದಲ್ಲಿ ಬರೆಯಿರಿ. ಪಕ್ಕದ ಬೈಲಕುಪ್ಪೆಗೆ ಟಿಬೆಟಿನವರು 1960ರ ದಶಕದಲ್ಲಿ ಬಂದರು, ಮೊಮೊ ಬಂತು, ಯಾರೂ ಅದಕ್ಕೆ ಕನ್ನಡ ಹುಡುಕಲಿಲ್ಲ. ಕೊಡಗು ಬದುಕುವುದೇ ಕಾಫಿಯಿಂದ, ಕಾಫಿ ಯಾರ ಪದ? ಅಲಮಾರು, ಪಾದ್ರಿ, ಅನಾನಸು ಪೋರ್ಚುಗೀಸರಿಂದ ಬಂದು ಮನೆಯವೇ ಆಗಿಬಿಟ್ಟಿವೆ. ವಸ್ತು ಬಂದಾಗ ಹೆಸರೂ ಬರಲಿ. ಸುಮ್ನೆ ಕಷ್ಟಪಡುತ್ತೀರಿ.

ಸೋಮವಾರಪೇಟೆಯಿಂದ, ಗುರುವಾರ ರಾತ್ರಿ 9.38

ವಸ್ತುವಿನ ಹೆಸರು ಬರಲಿ, ಬೇಡ ಅನ್ನಲಿಲ್ಲ. ‘ನೋ’ ಯಾವ ವಸ್ತು? ‘ಬೇಕ್’ ಯಾವ ವಸ್ತು? ಹೆಸರು ತರುವುದು ಬೇರೆ, ಮಾಡುವ ಕೆಲಸದ ಮಾತನ್ನೇ ಹೊರಗಿನಿಂದ ತರುವುದು ಬೇರೆ. ಕಾಫಿ ಬಂತು, ಆದರೆ ಕಾಫಿ ಹುರಿಯುತ್ತೇವೆ, ಕಾಯಿಸುತ್ತೇವೆ, ಸೋಸುತ್ತೇವೆ. ಆ ಮಾತುಗಳನ್ನು ಬಿಟ್ಟುಕೊಟ್ಟ ದಿನ ಉಳಿಯುವುದೇನು?

ಕುಶಾಲನಗರದಿಂದ, ಗುರುವಾರ ರಾತ್ರಿ 9.41

ಕೇಕ್ ಬೇಕ್ ಮಾಡಿದೆ ಎಂದೇ ಎಲ್ಲರೂ ಹೇಳುವುದು. ಕೇಕ್ ಸುಟ್ಟೆ ಅಂದರೆ ಕರಿಕಲಾಯಿತು ಎಂದು ಅರ್ಥ. ಜನ ತೀರ್ಮಾನ ಮಾಡಿಯಾಗಿದೆ.

ನಾಪೋಕ್ಲುವಿನಿಂದ, ಗುರುವಾರ ರಾತ್ರಿ 10.20

ತಡವಾಗಿ ಸೇರುತ್ತಿದ್ದೇನೆ. ಕೇಳಿದವರಿಗೆ ಪದ ಬೇಕಿದೆ, ನೀವೆಲ್ಲ ಬೇಕ್ ಹಿಡಿದುಕೊಂಡು ಕೂತಿದ್ದೀರಿ.

ಕನ್ನಡ ತಿಂಡಿಗೆ ಹೆಸರಿಡುವುದು ಏನು ಮಾಡಲಿಲ್ಲ ಎಂಬುದರಿಂದ ಅಲ್ಲ, ಕೈ ಏನು ಮಾಡಿತು ಎಂಬುದರಿಂದ. ಹುರಿದದ್ದು ಹುರಿಗಡಲೆ. ಕರಿದದ್ದು ಕರಿಗಡುಬು. ಒತ್ತಿದ್ದು ಒತ್ತು ಶಾವಿಗೆ. ಇಡ್ಲಿಯನ್ನು ಯಾರೂ ‘ಕರಿಯದ ವಡೆ’ ಅನ್ನಲಿಲ್ಲ. ಇಂಗ್ಲಿಷಿನವರಿಗೆ ಕುಕ್ಕಿ ಅಂದರೆ ಓವನ್ ಎಂದೇ ಲೆಕ್ಕ, ಹಾಗಾಗಿ ಓವನ್ ಇಲ್ಲದ್ದನ್ನು ಎತ್ತಿ ಹೇಳಬೇಕಾಯಿತು. ನಮ್ಮ ಅಡುಗೆಮನೆಯಲ್ಲಿ ಓವನ್ ಇರಲೇ ಇಲ್ಲ. ಇಲ್ಲದ್ದನ್ನು ಇಲ್ಲ ಎಂದು ಸಾರುವುದು ಯಾಕೆ?

ಮಕ್ಕಳು ಅಂಗೈಯಲ್ಲಿ ತಟ್ಟುತ್ತಾರೆ ಎಂದಿರಿ. ‘ತಟ್ಟು ಬಿಸ್ಕತ್ತು’ ಎನ್ನಿ.

ಮಡಿಕೇರಿಯಿಂದ, ಗುರುವಾರ ರಾತ್ರಿ 10.31

ಅರಿಸಮಾಸ. ಕನ್ನಡ ಧಾತುವಿಗೆ ಹೊರಗಿನ ಪದ ಕೂಡಿಸಬಾರದು. ಕೂಡಿಸಿದರೂ ಆದೇಶ ಸಂಧಿಯಾಗಿ ಬ ಹೋಗಿ ವ ಬರಬೇಕು, ‘ತಟ್ಟುವಿಸ್ಕತ್ತು’.

ನಾಪೋಕ್ಲುವಿನಿಂದ, ಗುರುವಾರ ರಾತ್ರಿ 10.44

ಇದು ಗಮಕ ಸಮಾಸ, ಕ್ರಿಯೆಯ ಮಾತು ಮುಂದೆ ನಿಂತು ಹೆಸರನ್ನು ಬಣ್ಣಿಸುವುದು. ತಟ್ಟಿದ ಬಿಸ್ಕತ್ತು, ತಟ್ಟು ಬಿಸ್ಕತ್ತು. ಗಮಕ, ಕ್ರಿಯಾ ಸಮಾಸಗಳಲ್ಲಿ ಅರಿಸಮಾಸ ದೋಷ ಇಲ್ಲ, ಅದು ನಿಮಗೂ ಗೊತ್ತು. ಸಂಧಿಗೆ ಉತ್ತರ: ಸುಡುಬಿಸಿಲು. ಅದನ್ನು ಸುಡುವಿಸಿಲು ಎಂದು ಯಾರೂ ಅನ್ನುವುದಿಲ್ಲ.

ಮಡಿಕೇರಿಯಿಂದ, ಗುರುವಾರ ರಾತ್ರಿ 10.52

ಸುಡುಬಿಸಿಲು ಒಪ್ಪಿದೆ. ಓಟ್ಸಿನದು ತಟ್ಟುವುದಲ್ಲ, ಚಮಚದಲ್ಲಿ ಹಾಕುವುದು. ಹೆಸರು ಅದಕ್ಕೆ ಹೊಂದುವುದಿಲ್ಲ.

ವಿರಾಜಪೇಟೆಯಿಂದ, ಶುಕ್ರವಾರ ಬೆಳಿಗ್ಗೆ 7.10

ಓಟ್ಸಿನದನ್ನು ಕೈಬಿಟ್ಟೆ. ಮಾಡಿ ನೋಡಿದವರಿಗೆ ಗೊತ್ತು, ಆ ಪಾಕ ನಿಮಿಷಕ್ಕಿಂತ ಕಡಿಮೆ ಕುದಿದರೆ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ, ಜಾಸ್ತಿ ಕುದಿದರೆ ಪುಡಿಪುಡಿ. ಮಕ್ಕಳನ್ನು ಕುದಿಯುವ ಸಕ್ಕರೆಯ ಹತ್ತಿರ ಬಿಡುವುದೂ ಬೇಡ.

‘ತಟ್ಟು ಬಿಸ್ಕತ್ತು’ ಅಂದ ಕೂಡಲೇ ಮಗಳು ಅಂಗೈ ಎತ್ತಿ ತಟ್ಟಿ ತೋರಿಸಿದಳು. ನನಗೆ ಅಷ್ಟೇ ಸಾಕು. ಬ್ಯಾನರಿನಲ್ಲಿ ಹೀಗೆ ಬರೆಸುತ್ತಿದ್ದೇನೆ: ‘ತಟ್ಟು ಬಿಸ್ಕತ್ತು ಮಾಡೋಣ, ಬಣ್ಣ ಹಚ್ಚೋಣ ಬನ್ನಿ’. ಕೆಳಗೆ ಸಣ್ಣದಾಗಿ ‘ಓವನ್ ಬೇಡ, ಹಸಿ ಹಿಟ್ಟು ಇಲ್ಲ’. ಮಕ್ಕಳಿಗಲ್ಲ, ತಾಯಂದಿರಿಗೆ.

ಅಲಂಕಾರ ಎಂದು ಬರೆಯಲಿಲ್ಲ, ದೇವಸ್ಥಾನದ ಹೂವಿನ ಅಲಂಕಾರ ನೆನಪಾಗುತ್ತದೆ. ಸಿಂಗಾರವೂ ಶೃಂಗಾರದಿಂದ ಬಂದದ್ದೇ, ಅದು ಮದುವೆಮನೆಗೆ ಸರಿ.

ಐಸಿಂಗ್, ಸ್ಪ್ರಿಂಕಲ್ಸ್ ಬಗ್ಗೆ ಯಾರೂ ಹೇಳಲಿಲ್ಲ.

ಗೋಣಿಕೊಪ್ಪದಿಂದ, ಶುಕ್ರವಾರ ಬೆಳಿಗ್ಗೆ 7.35

ಸಕ್ಕರೆ ಪುಡಿಗೆ ಹಾಲು ಹಾಕಿ ಕಲಸಿದ್ದಲ್ವಾ ಐಸಿಂಗ್? ಬೆಣ್ಣೆ ಸವರಿದ ಹಾಗೆ ಸವರುತ್ತಾರೆ. ‘ಸವರು ಸಕ್ಕರೆ’. ಬಳಿಯುವುದು ಗೋಡೆಗೆ, ಮೆತ್ತುವುದು ಮಣ್ಣು, ಆ ಎರಡೂ ಬೇಡ. ಹಾಲು ಚಮಚ ಚಮಚವೇ ಹಾಕಿ, ನೀರಾದರೆ ಬಿಸ್ಕತ್ತಿನಿಂದ ಇಳಿದು ಹೋಗುತ್ತದೆ. ಕೆಂಪಿಗೆ ಬೀಟ್‌ರೂಟ್ ರಸ ಎರಡು ಹನಿ ಸಾಕು.

ಸ್ಪ್ರಿಂಕಲ್ಸ್‌ಗೆ ನಾವು ಚಿಕ್ಕವರಿದ್ದಾಗ ಸಂತೆಯಲ್ಲಿ ತರುತ್ತಿದ್ದ ಜೀರಿಗೆ ಮಿಠಾಯಿ ಇದೆ. ಬಣ್ಣವೂ ಇದೆ, ಹೆಸರೂ ಇದೆ. ಅಂಗಡಿಯ ಬಾಟಲಿಯದ್ದು ತಂದರೆ ‘ಉದುರು ಮಿಠಾಯಿ’ ಎನ್ನಿ.

ವಿರಾಜಪೇಟೆಯಿಂದ, ಶುಕ್ರವಾರ ಬೆಳಿಗ್ಗೆ 9.50

ಎರಡನ್ನೂ ಚೀಟಿಗೆ ಹಾಕಿದೆ. ಬ್ಯಾನರ್ ಪ್ರೆಸ್ಸಿಗೆ ಹೋಯಿತು. ಜೀರಿಗೆ ಮಿಠಾಯಿ ಗೋಣಿಕೊಪ್ಪ ಸಂತೆಯಲ್ಲಿ ಈಗಲೂ ಸಿಗುತ್ತಾ? ಕಾಲು ಕೆಜಿ ಬೇಕು, ನಾಳಿದ್ದು ನಮ್ಮ ಕಡೆ ಬರುವವರು ಯಾರಾದರೂ ತಂದುಕೊಡಿ.