ಮಷಿನ್ ಹೆಡ್ ತಗೊಳ್ಳಲೋ, ಮೇಡ್ ಇನ್ ಜಪಾನೋ? ಅನುಭವ ಇದ್ದೋರು ಹೇಳ್ರಿ

ಧಾರವಾಡ ಹುಡುಗ:
ನಮಸ್ಕಾರ್ರೀ ಎಲ್ಲಾರ್ಗೂ. ಮಾಮಾನ ಹಳೇ ಟರ್ನ್‌ಟೇಬಲ್ (ಹಾಡಿನ ಪ್ಲೇಟ್ ಹಚ್ಚೋ ಮಷಿನ್) ಕೈಗೆ ಬಂದೈತಿ, ರೊಕ್ಕ ಐದ್ ಸಾವಿರದ ಒಳಗ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ದು ಒಂದ ಆಲ್ಬಂ ತಗೊಳ್ಳಾಕ ಆಗೋದು. ಸ್ಟುಡಿಯೋ ಆಲ್ಬಂ ಮಷಿನ್ ಹೆಡ್ಡೋ, ಅದ ವರ್ಷ ಅಂದ್ರ 1972ರಾಗ ಒಸಾಕಾ, ಟೋಕಿಯೋದಾಗ ಮಾಡಿದ ಲೈವ್ ಮೇಡ್ ಇನ್ ಜಪಾನೋ? ಹಾಸ್ಟೆಲ್ ರೂಮು, ಸಣ್ಣ ಸ್ಪೀಕರ್, ಬಾಜೂ ರೂಮಿನವಂದು ಪರೀಕ್ಷಾ ನಡದೈತಿ.

ವಿದ್ಯಾನಗರ ಪ್ಲೇಟ್:
ನನ್ ಮುಂದ ಲೈವ್ ಹೆಸರ ಎತ್ತಬ್ಯಾಡ್ರಿ. 2019ರಾಗ ಮೇಡ್ ಇನ್ ಜಪಾನ್ ಹೊರಗಿಂದ ತರಸಿದೆ. ಪ್ಲೇಟಿಗೆ 2,800, ಕೊರಿಯರ್ 1,900, ಮ್ಯಾಲ ಕಸ್ಟಮ್ಸ್ 1,640, ಒಟ್ಟ 6,340. ಮನ್ಯಾಗ ಎರಡ್ ಸಾವಿರ ಅಂತ ಹೇಳೀನಿ, ಇವತ್ತಿಗೂ ಹಂಗ ನಂಬ್ಯಾಳ. ಬಿಚ್ಚಿ ನೋಡಿದ್ರ ಎರಡನೇ ಪ್ಲೇಟ್ ಕರದ ಹಪ್ಪಳ ಆದಂಗ ಆಗೇತಿ. ನಾಕನೇ ಬಾಜೂ ಪೂರ್ತಿ ಒಂದ ಹಾಡು, ಸ್ಪೇಸ್ ಟ್ರಕಿನ್, ಇಪ್ಪತ್ತ್ ನಿಮಿಷ, ಇಪ್ಪತ್ತೂ ನಿಮಿಷ ಸೂಜಿ ಎದ್ದು ಬೀಳತೈತಿ. ಕಡೀಕೆ ಸೂಜೀನೂ ಹೋತು, ಹೊಸಾದು 2,200. ಸ್ಟುಡಿಯೋದಾಗ ಅದ ಹಾಡು ನಾಕೂವರಿ ನಿಮಿಷದಾಗ ಮುಗೀತೈತಿ, ಹೇಳೋದ್ ಹೇಳಿ ಎದ್ ಹೋಗ್ತಾರ.

ಬೆಟಗೇರಿ ಬಾಸ್:
ಕೊರಿಯರಿನವನ ಮ್ಯಾಲಿನ ಸಿಟ್ಟು ಹಾಡಿನ ಮ್ಯಾಲ ಯಾಕ್ರೀ? ನಾ ಆ ಲೈವ್ ಕೇಳಿದ್ದು ಕಾಪಿ ಮಾಡಿದ ಕ್ಯಾಸೆಟ್ಟಿನಾಗ, ರೀಲ್ ಸಿಕ್ಕೊಂಡ್ರ ಪೆನ್ಸಿಲ್ ಹಾಕಿ ಸುತ್ತಿ ಮತ್ತ ಕೇಳೋದು. ಅದ್ರಾಗಿನ ಹಾಡು ಸ್ಟ್ರೇಂಜ್ ಕೈಂಡ್ ಆಫ್ ವುಮನ್‌ದಾಗ ಬ್ಯಾಂಡಿನ ಗಿಟಾರಿಸ್ಟ್ ಬ್ಲ್ಯಾಕ್‌ಮೋರ್ ಗಿಟಾರ್‌ನಾಗ ಒಂದ್ ಮಾತ್ ಎಸೀತಾನ, ಹಾಡವ ಗಿಲ್ಲನ್ ಅದನ್ನ ಗಂಟಲದಾಗ ತಿರುಗಿ ಕೊಡ್ತಾನ, ಮ್ಯಾಲ ಮ್ಯಾಲ ಏರತಾವು ಇಬ್ಬರದೂ. ಸವಾಲ್ ಜವಾಬ್ ಅಂದ್ರ ಅದ. ನಾವು ಗದಗಿನವ್ರು, ಬೈಠಕ್ ಕೇಳಿ ಬೆಳದೀವಿ. ಮಲ್ಲಿಕಾರ್ಜುನ ಮನ್ಸೂರ್ ಬುವಾ ಅವರ ಹಳೇ 78 ಸ್ಪೀಡಿನ ಪ್ಲೇಟ್ ಮೂರ್ ನಿಮಿಷಕ್ಕ ಮುಗೀತಿತ್ತು, ಹಂಗಂತ ಅವರ ರಾಗ ಮೂರ್ ನಿಮಿಷದ್ದೇನು?

ಸಾಧನಕೇರಿ ಸೌಂಡ್:
ಮನ್ಸೂರ್ ಬುವಾನ್ನ ಈ ಜಗಳದಾಗ ಎಳೀಬ್ಯಾಡ್ರಿ ಮೊದ್ಲ. ಇನ್ನ ಲೈವ್ ಅಂತ ಮಾರೋದೆಲ್ಲಾ ಲೈವ್ ಅಲ್ಲ. ಥಿನ್ ಲಿಜ್ಜಿ ಬ್ಯಾಂಡಿಂದು ಲೈವ್ ಅಂಡ್ ಡೇಂಜರಸ್, 1978, ನಾ ಆ ಸೀಡಿಗೆ ಕಾಲೇಜ್ ದಿನದಾಗ ಒಂದ್ ತಿಂಗಳ ಮೆಸ್ ಬಿಲ್ ಸುರುವೀನಿ. ಆಮ್ಯಾಲ ನೋಡಿದ್ರ ಪ್ರೊಡ್ಯೂಸರ್ ಟೋನಿ ವಿಸ್ಕಾಂಟಿ ಹೇಳ್ತಾನ, ಅದ್ರಾಗ 75 ಪರ್ಸೆಂಟ್ ಸ್ಟುಡಿಯೋದಾಗ ತಿರುಗಿ ಬಾರಿಸಿದ್ದು ಅಂತ. ಬ್ಯಾಂಡಿನವ್ರು ಸುಳ್ಳಂದ್ರು, ಬಿಡ್ರಿ, ಆದ್ರ ನನ್ನ ಮೆಸ್ ಬಿಲ್ ತಿರುಗಿ ಬಂತೇನು? ಕಿಸ್ ಬ್ಯಾಂಡಿನವರ 1975ರ ಅಲೈವ್‌ಗೂ ತ್ಯಾಪಿ ಹಚ್ಯಾರ. ಅದ್ಕ ಹೇಳೋದು, ಸ್ಟುಡಿಯೋ ಆಲ್ಬಂ ನಾ ಸ್ಟುಡಿಯೋದ್ದು ಅಂತನ ಹೇಳ್ತೈತಿ, ಮೋಸ ಇಲ್ಲ.

ಬೆಟಗೇರಿ ಬಾಸ್:
ಓಹೋ, ಮಷಿನ್ ಹೆಡ್ ಯಾವ ಸ್ಟುಡಿಯೋದಾಗ ಆಗೇತಿ ಹೇಳ್ರಿ ನೋಡೂಣು? 1971 ಡಿಸೆಂಬರ್, ಸ್ವಿಟ್ಜರ್ಲೆಂಡಿನ ಮಾಂಟ್ರೋ, ರೆಕಾರ್ಡ್ ಮಾಡಬೇಕಂದ ಕ್ಯಾಸಿನೋ ಫ್ರಾಂಕ್ ಜಪ್ಪಾ ಅನ್ನೋ ರಾಕ್ ಗಿಟಾರಿಸ್ಟನ ಪ್ರೋಗ್ರಾಮಿನಾಗ ಸುಟ್ ಹೋತು, ಇವ್ರು ಒಂದ್ ಖಾಲಿ ಹೋಟೆಲಿನ ಕಾರಿಡಾರ್‌ನಾಗ ಹಾಸಿಗಿ ಅಡ್ಡ ಇಟ್ಟು ಬಾರಿಸ್ಯಾರ, ಇನ್ನೊಂದ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್‌ದವರ ರೆಕಾರ್ಡಿಂಗ್ ಗಾಡಿ ಹೊರಗ ನಿಂತಿತ್ತು. ಸ್ಮೋಕ್ ಆನ್ ದ ವಾಟರ್ ಹಾಡ ಪೂರ್ತಿ ಅದ ಕತಿ ಐತಿ. ಸೌಂಡ್ ಅಂತ ಹೆಸರಿಟ್ಕೊಂಡ್ರ ಸಾಲೂದಿಲ್ಲ ಸರ್ರ.

ಸಾಧನಕೇರಿ ಸೌಂಡ್:
ಹೋಟೆಲ್ ಆದ್ರೇನು, ತಪ್ಪಿದ್ರ ಮತ್ತೊಮ್ಮೆ ಬಾರಿಸಾಕ ಬರತಿತ್ತಿಲ್ಲೋ? ಅದಕ್ಕ ಸ್ಟುಡಿಯೋ ಅಂತಾರ. ಮಾತ ತಿರುವಬ್ಯಾಡ್ರಿ.

ರಾಣೆಬೆನ್ನೂರ್ ಡ್ರಮ್:
ನೀವಿಬ್ರೂ ಕೇಳೋರು, ನಾವು ಬಾರಿಸಿ ಕೈ ಸುಟ್ಕೊಂಡವ್ರು. ನಮ್ ಬ್ಯಾಂಡಿಂದು ಕಾಲೇಜ್ ಗ್ಯಾದರಿಂಗ್ ಲೈವ್ ರೆಕಾರ್ಡ್ ಮಾಡೂಣಂತ ಸೌಂಡಿಗೆ 18,000, ಜನರೇಟರ್‌ಗೆ 3,500, ಟೆಂಪೋಕ್ಕ 2,000 ಕೊಟ್ವಿ. ಹಾಡೋ ಮೈಕಿನಾಗ ನನ್ನ ಸಿಂಬಲ್ (ಡ್ರಮ್ಮಿನ ಹಿತ್ತಾಳಿ ತಾಳ) ಬಿಟ್ರ ಏನೂ ಕೇಳವಲ್ದು, ಹಾಡವ ಎಲ್ಲೋ ಹಿತ್ತಲದಾಗ ನಿಂತಂಗ. ಎರಡನೇ ಹಾಡಿಗೆ ಕರೆಂಟ್ ಹೋತು, ಜನರೇಟರ್ ಚಾಲೂ ಮಾಡೋ ಹುಡುಗ ಮಿರ್ಚಿ ತಿನ್ನಾಕ ಹೋಗಿದ್ದ. ಆಮ್ಯಾಲ ಸ್ಟುಡಿಯೋಕ್ಕ ಹೋದ್ವಿ, ತಾಸಿಗೆ 500, ಹನ್ನೊಂದ್ ತಾಸು, ಎಲ್ಲಾ ಸ್ವಚ್ಛ ಬಂತು. ಜೀವ ಇದ್ದಿದ್ದಿಲ್ಲ. ಈಗ ಹತ್ರಿದ್ದೋರಿಗೆ ಕೇಳಸೋದು ಆ ಕೆಟ್ಟ ಲೈವ್‌ನ, ಕರೆಂಟ್ ಹೋದಾಗ ಮಂದಿ ಹೋ ಅಂದಿದ್ದು ಅದ್ರಾಗ ಐತಿ.

ಧಾರವಾಡ ಹುಡುಗ:
ಅಣ್ಣಾರ, ಎರಡರಾಗೂ ಒಂದ ಹಾಡು ಅದಾವೇನ್ರಿ?

ಸಾಧನಕೇರಿ ಸೌಂಡ್:
ಲೈವ್‌ದಾಗ ಏಳು, ಅದ್ರಾಗ ನಾಕು ಮಷಿನ್ ಹೆಡ್‌ನಾವು. ರಾಣೆಬೆನ್ನೂರಿನವ್ರ, ಸಿಂಬಲ್ ಸೋರಿದ್ದು ಮೈಕಿನ ತಪ್ಪಲ್ಲ, ಇಟ್ಟವನ ತಪ್ಪು.

ರಾಣೆಬೆನ್ನೂರ್ ಡ್ರಮ್:
ಇಟ್ಟವ ನಾನ. ಬಂದ್ ಇಟ್ ತೋರಸ್ರಿ, ಟೆಂಪೋ ರೊಕ್ಕ ನಿಮ್ದ.

ವಿದ್ಯಾನಗರ ಪ್ಲೇಟ್:
ಬಾಗಿದ್ ಪ್ಲೇಟ್ ಎರಡ್ ಗಾಜಿನ ನಡುವ ಇಟ್ಟು ಬಿಸಲಿಗೆ ಇಡ್ರಿ ಸರಿ ಆಗತೈತಿ ಅಂತ ಇಲ್ಲೇ ಯಾರೋ ಹೇಳಿದ್ರಿ. ಏಪ್ರಿಲ್‌ನಾಗ ಮಾಳಿಗಿ ಮ್ಯಾಲ ಇಟ್ಟೆ. ಈಗ ಹಪ್ಪಳ ಹೋಗಿ ತಟ್ಟಿ ಆಗೇತಿ. ಯಾರ್ ಹೇಳಿದ್ದು ಮುಂದ ಬರ್ರಿ.

ಬೆಟಗೇರಿ ಬಾಸ್:
ನಾನ ಹೇಳಿದ್ದು, ಹುಬ್ಬಳ್ಳಿ ಏಪ್ರಿಲ್ ಬಿಸಲಾಗ ಇಡ್ರಿ ಅಂತ ಹೇಳಿದ್ದಿಲ್ಲ. ಮೊದಲನೇ ಪ್ಲೇಟ್ ನೆಟ್ಟಗ ಐತಿಲ್ಲೋ? ಕವರ್ ಸಮೇತ 1,500 ಕೊಡ್ತೀನಿ, ಐತ್ವಾರ ಬಂದ್ ಒಯ್ತೀನಿ.

ವಿದ್ಯಾನಗರ ಪ್ಲೇಟ್:
2,000ಕ್ಕ ಒಂದ್ ರೂಪಾಯಿ ಕಮ್ಮಿ ಇಲ್ಲ. ಮನ್ಯಾಗ ಹೇಳಿದ್ದು ಅಷ್ಟ ಐತಿ.