ಮನೆ ಗುಂಪಿನಲ್ಲಿ ಪದ್ಮಿನಿಯ ಪಂಪು

[ತಮ್ಮ ಹಾಕಿದ ವಿಡಿಯೋ: ಬಾನೆಟ್ ತೆಗೆದ ಹಳೇ ಪದ್ಮಿನಿ ಕಾರು. ಹಿಂದಿನಿಂದ ಟಕ ಟಕ ಸದ್ದು.]

ತಮ್ಮ: ಪೆಟ್ರೋಲಿಗೆ ಎಲೆಕ್ಟ್ರಿಕ್ ಪಂಪ್ ಕೂತಿತು! ಇನ್ನು ದೇವಿಮನೆ ಘಟ್ಟದಲ್ಲಿ ಬಿಸಿಯಾದ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯೋ ಕೆಲಸ ಇಲ್ಲ 😎

ಕುಮಟಾ ಅತ್ತೆ: ಅಡ್ಡಿಲ್ಲೆ ತಮಾ. ಹೋದ ಸಲ ನನ್ನ ಹೊಸ ಟವೆಲ್ ಹಾಳಾಗಿತ್ತು.

ಕಾರವಾರ ಭಾವ: ಕರೆಂಟ್ ಎಲ್ಲಿಂದ ಕೊಟ್ಟೆ?

ತಮ್ಮ: ಕೀಯಿಂದ ನೇರ. ಫ್ಯೂಸ್ ಉಂಟು.

ಕಾರವಾರ ಭಾವ: ಫ್ಯೂಸ್ ವೈರು ಸುಡದ ಹಾಗೆ ನೋಡ್ಕೊಳ್ತದೆ, ಪೆಟ್ರೋಲ್ ಚೆಲ್ಲಿದರೆ ಅದಕ್ಕೆಂತ ಗೊತ್ತು? ಹಳೇ ಪಂಪು ಎಂಜಿನ್ ಒಳಗಿನ ಕ್ಯಾಮ್‌ಶಾಫ್ಟ್ ತಿರುಗಿದರೆ ಮಾತ್ರ ಕುಣೀತಿತ್ತು. ಎಂಜಿನ್ ನಿಂತರೆ ಅದೂ ನಿಲ್ತಿತ್ತು. ಇದು ಹಂಗಲ್ಲ, ಪೈಪ್ ಹರಿದರೂ ದೂಡ್ತಾನೇ ಇರ್ತದೆ.

ದೊಡ್ಡಪ್ಪ: ಕೀ ಆಫ್ ಮಾಡಿದರೆ ಮುಗೀತಲ್ಲ. ನಾನು ಎಷ್ಟು ವರ್ಷ ಜೀಪು ಓಡಿಸಿದ್ದೇನೆ.

ಕಾರವಾರ ಭಾವ: ಗಾಡಿ ಮಗುಚಿದವ ಮೊದಲು ಕೀ ಹುಡುಕ್ತಾನಾ ದೊಡ್ಡಪ್ಪ?

ದೊಡ್ಡಪ್ಪ: ಒಳ್ಳೇ ದಿನ ನೋಡಿ ಮಗುಚೋ ಮಾತು ತೆಗೆದೆ.

ನಾನು: ಮಗುಚೋದೇ ಬೇಡ. ಕಾರ್ಬ್ಯುರೇಟರ್ ತುಂಬಿದಾಗ ಪೆಟ್ರೋಲ್ ತಡೆಯೋ ನೀಡಲ್‌ಗೆ ಕಸ ಸಿಕ್ಕಿ, ಎಂಜಿನ್ ಆಫ್ ಆಗಿ, ಕೀ ಆನ್ ಉಳಿದರೂ ಸಾಕು. ಬಿಸಿ ಎಂಜಿನ್ ಮೇಲೇ ತುಳುಕ್ತದೆ. ಈಗಿನ ಪೆಟ್ರೋಲಲ್ಲಿ 20% ಎಥೆನಾಲ್ ಬೇರೆ, ಹಳೇ ರಬ್ಬರ್ ಪೈಪಿಗೆ ಅದು ಆಗಿಬರೋದಿಲ್ಲ. ತಮಾ, ಪೈಪ್ ಬದಲಿಸಿದ್ಯಾ?

ತಮ್ಮ: ಅರ್ಧ.

ನಾನು: ಅರ್ಧ ಅಂದ್ರೆ ಎಂತ ಮಾರಾಯಾ!

ಕಾರವಾರ ಭಾವ: ಆಯಿಲ್ ಪ್ರೆಶರ್ ಸ್ವಿಚ್ ಹಾಕು. ಎಂಜಿನ್ ನಿಂತು ಆಯಿಲ್ ಪ್ರೆಶರ್ ಇಳಿದರೆ ಪಂಪಿನ ಕರೆಂಟ್ ಕಟ್.

ತಮ್ಮ: ಸ್ಟಾರ್ಟ್ ಮಾಡುವಾಗ ಪ್ರೆಶರ್ ಎಲ್ಲಿರ್ತದೆ ಭಾವ? ಪಂಪೇ ಓಡದಿದ್ರೆ?

ಕಾರವಾರ ಭಾವ: ಅದಕ್ಕೇ ಸ್ಟಾರ್ಟರಿನಿಂದ ಇನ್ನೊಂದು ಲೈನ್. ಸೆಲ್ಫ್ ಹೊಡೆಯೋವಷ್ಟು ಹೊತ್ತು ಅದು, ಆಮೇಲೆ ಪ್ರೆಶರ್ ಸ್ವಿಚ್. ಆದ್ರೆ ಪಂಪಿನ ಪೂರ್ತಿ ಕರೆಂಟನ್ನ ಆ ಸಣ್ಣ ಸ್ವಿಚ್ ಮೇಲೆ ಹೊರಿಸಬೇಡ, ಪಾಯಿಂಟ್ ಸುಟ್ಟು ಘಟ್ಟದ ನಡುವೆ ಕೂರಿಸ್ತದೆ. ರಿಲೇ ಹಾಕು, ದೊಡ್ಡ ಕರೆಂಟ್ ಅದು ಹೊರ್ತದೆ. ಪ್ಲಗ್ಗಿಗೆ ಕಿಡಿ ಕೊಡೋ ಕಾಯಿಲಿನ ಪಲ್ಸ್ ನೋಡಿ ಓಡೋ ರಿಲೇ ಸಿಕ್ಕಿದರೆ ನಾನಂತೂ ಅದನ್ನೇ ಹಾಕ್ತೇನೆ. ಎಂಜಿನ್ ನಿಂತ ಒಂದೆರಡು ಸೆಕೆಂಡಲ್ಲಿ ಪಂಪ್ ಬಂದ್. ಜೊತೆಗೆ ಒಂದು ಇನರ್ಷಿಯಾ ಸ್ವಿಚ್.

ದೊಡ್ಡಪ್ಪ: ಅದೆಂತದು ಮತ್ತೆ?

ಕಾರವಾರ ಭಾವ: ಒಳಗೊಂದು ಉಕ್ಕಿನ ಗುಂಡು, ಅಯಸ್ಕಾಂತ ಹಿಡಿದಿಟ್ಟಿರ್ತದೆ. ಗಾಡಿ ಗುದ್ದಿದರೆ ಗುಂಡು ಹಾರಿ ಕರೆಂಟ್ ತಪ್ಪಿಸ್ತದೆ. ಫೋರ್ಡ್ ಗಾಡಿಗಳಿಗೆ ಕಂಪನಿಯಿಂದಲೇ ಬರ್ತಿತ್ತು.

ದೊಡ್ಡಪ್ಪ: ನಮ್ಮ ರಸ್ತೆಗೆ ಆ ಗುಂಡು ದಿನಾ ಹಾರ್ತದೆ. ರಾತ್ರಿ ಕಾಡಲ್ಲಿ ಗಾಡಿ ನಿಂತರೆ ನೀ ಬರ್ತ್ಯಾ ಕಾರವಾರದಿಂದ?

ಕಾರವಾರ ಭಾವ: ಹೊಂಡಕ್ಕೆ ಹಾರೋದಲ್ಲ ಅದು. ಗಟ್ಟಿ ಬಾಡಿಗೆ ನೆಟ್ಟಗೆ ಕೂರಿಸ್ಬೇಕು ಅಷ್ಟೆ. ಹಾರಿದರೂ ಮೇಲೆ ಬಟನ್ ಉಂಟು, ಒತ್ತಿದರೆ ಮತ್ತೆ ಚಾಲೂ. ಒತ್ತೋ ಮೊದಲು ಇಳಿದು ಪೆಟ್ರೋಲ್ ವಾಸನೆ ನೋಡ್ಬೇಕು, ಮರೀಬೇಡಿ.

ದೊಡ್ಡಪ್ಪ: ನಂಗೆ ನಂಬಿಕೆ ಇಲ್ಲ. ಎಂಜಿನ್ ಇಲ್ಲದೆ ಅಷ್ಟು ಪೆಟ್ರೋಲ್ ಹೇಗೆ ಬರ್ತದೆ, ನೋಡಿಯೇ ಬಿಡ್ತೇನೆ.

[ಇಪ್ಪತ್ತು ನಿಮಿಷ ಗುಂಪು ಮೌನ. ಆಮೇಲೆ ದೊಡ್ಡಪ್ಪನ ಫೋಟೋ: ಅಂಗಳದ ಅಡಿಕೆ ಚಾಪೆ ಪಕ್ಕ ಒಂದು ಲೀಟರಿನ ನೀರಿನ ಬಾಟ್ಲಿ, ಕುತ್ತಿಗೆ ತನಕ ಪೆಟ್ರೋಲ್.]

ದೊಡ್ಡಪ್ಪ: ಕಾರ್ಬ್ಯುರೇಟರ್ ಹತ್ರ ಪೈಪ್ ಬಿಚ್ಚಿ ಬರೀ ಕೀ ಆನ್ ಮಾಡಿದ್ದು. ಒಂದು ನಿಮಿಷ ಆಗಲಿಲ್ಲ.

ನಾನು: 😳

ಕುಮಟಾ ಅತ್ತೆ: ಅಣ್ಣಾ, ಬಚ್ಚಲ ಒಲೆಗೆ ಬೆಂಕಿ ಹಾಕಿದ್ದು ಎಷ್ಟು ದೂರ?

ದೊಡ್ಡಪ್ಪ: ದೂರವೇ ಉಂಟು.

ತಮ್ಮ: ಅಷ್ಟೇನೂ ಇಲ್ಲ ಅತ್ತೆ.

ದೊಡ್ಡಪ್ಪ: ಆ ಗುಂಡಿನ ಸ್ವಿಚ್ಚು ಹುಬ್ಬಳ್ಳಿಯಲ್ಲಿ ಸಿಗ್ತದಾ? ಈ ವಾರ ಹೋಗುವವರು ಯಾರಾದ್ರೂ ಇದ್ದೀರಾ?

ಕಾರವಾರ ಭಾವ: ಅದು ಬರೋ ತನಕ ಗಾಡಿ ತೆಗೀಬೇಡಿ. ಬ್ಯಾಟರಿ ವೈರ್ ಬಿಚ್ಚಿಡಿ.

ಕುಮಟಾ ಅತ್ತೆ: ಅದಕ್ಕಿಂತ ಮೊದಲು ಆ ಬಾಟ್ಲಿ ಅಂಗಳದಿಂದ ತೆಗೀರಿ. ಬಿಸಿಲಲ್ಲಿ ಬಂದವರು ನೀರು ಅಂದ್ಕೊಂಡು ಎತ್ತಿ ಕುಡಿದಾರು.